ಎರಡು ರನ್ ಬಾಕಿ ಇದ್ದಾಗ

ಆಟ ಸಿಕ್ಕರೆ ಊಟ ಮರೆಯುವ ಹುಡುಗಿ ಲೂಪೆ. ಅಂಥವಳು ಸನ್ಯಾಸಿನಿಯಾಗುತ್ತೇನೆ, ಅಪಿಯಾ ಪಟ್ಟಣದ ಕನ್ಯಾಮಠಕ್ಕೆ ಹೋಗುತ್ತೇನೆ ಎಂದಾಗ ಸವಾಯಿ ದ್ವೀಪದ ನಮ್ಮ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇಗರ್ಜಿಯ ಉಪದೇಶಿ ಪಸಿಲಿಯೊ ಮಾತ್ರ ನಗಲಿಲ್ಲ.

"ಮೂರು ತಿಂಗಳು ಸಂಜೆ ಪ್ರಾರ್ಥನೆಗೆ ಶಂಖ ಊದೋದು ನಿನ್ನ ಕೆಲಸ, ಮಗಳೇ. ಸೂರ್ಯ ಹವಳದ ದಂಡೆ ಮುಟ್ಟಿದ ಕೂಡ್ಲೇ ಊದ್ಬೇಕು. ಒಂದು ದಿನ ತಡ ಆದ್ರೂ ಮಠಕ್ಕೆ ನನ್ನ ಪತ್ರ ಇಲ್ಲ."

ಶಂಖ ಕೇಳಿದರೆ ಊರಿಗೆ ಊರೇ ಇದ್ದಲ್ಲಿ ಕೂರಬೇಕು.

ಎಂಬತ್ತೊಂಬತ್ತು ದಿನ ಲೂಪೆ ತಪ್ಪಲಿಲ್ಲ. ಸುಟ್ಟ ದೀವಿಹಲಸಿನ ಬಿಸಿ ಹೋಳನ್ನು ತುಟಿಯ ತನಕ ತಂದು ಕೆಳಗಿಟ್ಟಳು. ಗೆಳತಿ ತನ್ನ ಹುಡುಗನ ಹೆಸರು ಹೇಳುವಷ್ಟರಲ್ಲಿ, "ತಾಳೇ, ಊದಿ ಬರ್ತೀನಿ" ಎಂದು ಎದ್ದಳು; ಮರಳಿ ಬರುವಷ್ಟರಲ್ಲಿ ಗೆಳತಿ ಅವನೊಂದಿಗೆ ಓಡಿಹೋಗಿಯೇ ಬಿಟ್ಟಿದ್ದಳು.

ತೊಂಬತ್ತನೆಯ, ಕೊನೆಯ ದಿನ ಪಕ್ಕದೂರಿನ ಹೆಂಗಸರು ಕಿಲಿಕಿಟಿ ಆಡಲು ಬಂದರು. ಅದು ಮೂರು ಮುಖದ ದಾಂಡಿನ ನಮ್ಮ ಕ್ರಿಕೆಟ್ಟು. ಅವರ ಲಾರಿಯಲ್ಲಿ ಎರಡು ಕೊಬ್ಬಿದ ಹಂದಿಗಳು. ಗೆದ್ದರೆ ನಮ್ಮವು, ಆಟ ಮುಗಿಯದಿದ್ದರೆ ಬಂದ ದಾರಿಯಲ್ಲೇ ವಾಪಸ್ಸು. ಆರು ವರ್ಷದಿಂದ ಊರು ಗೆದ್ದಿರಲಿಲ್ಲ.

ಕೊನೆಗೆ ದಾಂಡು ಹಿಡಿದು ನಿಂತವಳು ಲೂಪೆ. ಎರಡು ರನ್ ಬಾಕಿ. ಆಗಲೇ ಸೂರ್ಯ ಹವಳದ ದಂಡೆಗೆ ಗಲ್ಲವೂರಿ ತಾನೂ ಆಟ ನೋಡತೊಡಗಿದ.

ದೇವರಿಗೂ ಇದರ ಫಲಿತಾಂಶ ಬೇಕಿರಬಹುದಲ್ಲ, ಒಂದು ಚೆಂಡಿಗೆ ಕಾಯಲಾರನೇ? ಆ ಯೋಚನೆ ಎಷ್ಟು ಸಿಹಿಯಾಗಿತ್ತೆಂದರೆ ಲೂಪೆಗೇ ಅನುಮಾನ ಬಂತು. ದಾಂಡು ಬಿಸುಟು ಮರದ ಬುಡಕ್ಕೆ ಓಡಿದಳು.

ಶಂಖ ಇಟ್ಟ ಜಾಗದಲ್ಲಿ ಮಲೀಟಾ ಚಿಕ್ಕಮ್ಮ ಗುಡ್ಡದಂತೆ ಕೂತಿದ್ದಳು.

"ಏಳು ಚಿಕ್ಕಮ್ಮ."

"ಮಂಡಿನೋವು ಕಣೇ. ನೀನು ಎರಡು ರನ್ ಹೊಡಿ, ತಾನಾಗೇ ಹೋಗತ್ತೆ."

"ಎಷ್ಟು ಕಾವು ಕೊಟ್ರೂ ಶಂಖ ಮರಿ ಆಗಲ್ಲ. ಏಳು!"

ಅಷ್ಟರಲ್ಲಿ ಲಾರಿಯ ಪಕ್ಕದಿಂದ ಉಪದೇಶಿಗಳೇ ಕೂಗಿದರು: "ಒಂದೇ ಒಂದು ಚೆಂಡು ಕಣಮ್ಮಾ! ಸೂರ್ಯ ಇನ್ನೂ ಪೂರ್ತಿ ಮುಟ್ಟಿಲ್ಲ, ನಾನೇ ಹೇಳ್ತಿದೀನಲ್ಲ!"

ಅವರ ಕಣ್ಣು ಸೂರ್ಯನ ಮೇಲಿರಲಿಲ್ಲ, ಹಂದಿಗಳ ಮೇಲಿತ್ತು.

ಲೂಪೆಯ ಕಾಲು ತಡೆಯಿತು. ಪತ್ರ ಬರೆಯುವವರೇ ಆಡು ಎನ್ನುತ್ತಿದ್ದಾರೆ. ಊದಿದರೆ ಮುನಿದು ಪತ್ರವನ್ನೇ ಕೊಡದಿರಬಹುದು. ಆದರೆ ಅವಳನ್ನು ಮಠಕ್ಕೆ ಕರೆದದ್ದು ಉಪದೇಶಿಗಳ ದನಿಯಾಗಿರಲಿಲ್ಲ. ಅವಳು ಚಿಕ್ಕಮ್ಮನ ಪಕ್ಕೆಗೆ ಕಚಗುಳಿ ಇಟ್ಟಳು. ಗುಡ್ಡ ಕಿಸಕ್ಕನೆ ಉರುಳಿತು. ಶಂಖ ಕಡಲಿನಾಚೆಗೂ ಕೇಳುವಂತೆ ಮೊಳಗಿತು.

ಚೆಂಡು ಎಸೆಯಲು ಕೈ ಎತ್ತಿದ್ದವಳು ಹಾಗೆಯೇ ಕೂತಳು. ಉಪದೇಶಿಗಳು ಕೆಸರಲ್ಲೇ ಕೂತು ತಮ್ಮ ಜೀವಮಾನದ ಅತಿ ಚಿಕ್ಕ ಪ್ರಾರ್ಥನೆ ಮಾಡಿದರು. ಆಮೆನ್ ಎನ್ನುವಷ್ಟರಲ್ಲಿ ಕತ್ತಲಾಗಿತ್ತು. ಹಂದಿಗಳು ಲಾರಿಯಿಂದ ಇಳಿಯದೆಯೇ ಹೊರಟುಹೋದವು.

"ಹಂದಿ ಹೋಗಿ ಸನ್ಯಾಸಿನಿ ಸಿಕ್ಕಳು," ಚಿಕ್ಕಮ್ಮ ಗೊಣಗಿದಳು. "ಇವಳನ್ನ ಸುಟ್ಟು ತಿನ್ನಕ್ಕಾಗತ್ತಾ?"

ಲೂಪೆ ಅಳುಕುತ್ತ ಉಪದೇಶಿಗಳ ಮುಂದೆ ನಿಂತಳು. "ನನ್ನ ಪತ್ರ..."

"ಇವತ್ತು ಬರೆಯಲ್ಲ."

"ನಾನು ತಡ ಮಾಡಿದ್ನಾ?"

"ನೀನೆಲ್ಲಿ ತಡ ಮಾಡ್ದೆ!" ಅವರು ಪಂಚೆಯ ಕೆಸರು ಕೊಡವಿದರು. "ಸಿಟ್ಟಲ್ಲಿ ಕೈ ನಡುಗ್ತಿದೆ ಕಣೇ, ಅಕ್ಷರ ಸೊಟ್ಟಗಾಗತ್ತೆ. ಮಠದವರು ಓದೋ ಪತ್ರ ಅದು. ನಾಳೆ ಬೆಳಿಗ್ಗೆ ಬಾ, ದುಂಡಗೆ ಬರೀತೀನಿ."