ಊಹೆಗೊಂದು ನಕ್ಷತ್ರ

ನಮ್ಮ ಪದಮೂಲ ನಿಘಂಟು ಕಚೇರಿಯ ಸಂಪಾದಕರಿಗೆ ನಾವಿಟ್ಟ ಅಡ್ಡಹೆಸರು ಮೂಲಪುರುಷ. ರಷ್ಯನ್, ಪೋಲಿಷ್ ಮಾತಾಡುವವರ ಪೂರ್ವಜರಾದ ಆದಿ ಸ್ಲಾವಿಕ್ ಜನ ಜೇನಿಗೆ ಏನೆನ್ನುತ್ತಿದ್ದರೆಂದು ಬರೆದಿಟ್ಟವರಿಲ್ಲ. ನಮ್ಮ ಮೂಲಪುರುಷರು ಆ ಪದವನ್ನು ತಾವೇ ಊಹಿಸಿ, ಏಳೂ ವಿಭಕ್ತಿಗಳಲ್ಲಿ ನಡೆಸಿಬಿಟ್ಟಿದ್ದರು. ಸಂಬೋಧನೆಯೂ ಸೇರಿ! ಜೇನನ್ನು ಯಾವ ಪುಣ್ಯಾತ್ಮ ಕೂಗಿ ಕರೆದಿದ್ದನೋ. ಊಹಿಸಿದ ರೂಪದ ಮುಂದೆ ನಕ್ಷತ್ರ ಚಿಹ್ನೆ ಹಾಕುವುದು ನಮ್ಮ ಕಸುಬಿನ ನಿಯಮ.

"ಆ ನಕ್ಷತ್ರ ಎಲ್ಲ ತೆಗೆದುಬಿಡಮ್ಮ, ಓದೋರಿಗೆ ಅನುಮಾನ ಬರುತ್ತೆ. ಸಹಸಂಪಾದಕಿ ಅಂತ ನಿನ್ನ ಹೆಸರೂ ಹಾಕ್ಸಿದ್ದೀನಲ್ಲ," ಎಂದರು ಸಂಪಾದಕರು.

ಆ ಹೆಸರಿಗಾಗಿಯೇ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

"ಅನುಮಾನ ಬರಲಿ ಅಂತಾನೇ ಹಾಕೋದು, ಸರ್."

"ಓಹೋ, ಮಾತು ಬರುತ್ತಾ ನಿನಗೆ?"

ನಕ್ಷತ್ರಗಳನ್ನು ಹಾಗೇ ಬಿಟ್ಟು, ನನ್ನ ಹೆಸರನ್ನು ನಾನೇ ಹೊಡೆದುಹಾಕಿ, ಪ್ರತಿಯನ್ನು ಅಚ್ಚಿಗೆ ಕಳಿಸಿದೆ. ಇಂಥವರ ಪಕ್ಕದಲ್ಲಿ ಅಚ್ಚಾಗುವುದಕ್ಕಿಂತ ಅಚ್ಚಾಗದಿರುವುದೇ ಮರ್ಯಾದೆ.