ತಾಯಿ ಓದುವಂತಿಲ್ಲದ ನೋಟ್‌ಬುಕ್

ಶನಿವಾರ ಹನ್ನೊಂದಕ್ಕೆ ವಾಡಿಯ ರೈಲ್ವೆ ಕ್ವಾರ್ಟರ್ಸಿನ ಆ ಎರಡು ಖೋಲಿಯ ಮನೆ ಶಾಲೆಯಾಗುತ್ತಿತ್ತು. ಲುಂಬಿನಿ ಐದಕ್ಕೇ ಎದ್ದು ನಳದ ನೀರು ಹಿಡಿದು, ಗಂಡ ರತ್ನದೀಪನ ಡ್ಯೂಟಿಯ ಡಬ್ಬಿ ಕಟ್ಟಿ, ಹಾಸಿಗೆಗಳನ್ನು ಸುತ್ತಿ ಮೂಲೆಗೆ ನಿಲ್ಲಿಸಿ, ಪರಸಿ ಕಲ್ಲಿನ ನೆಲವನ್ನು ಎರಡು ಸಲ ಒರೆಸುತ್ತಿದ್ದಳು. ಎರಡನೆಯ ಸಲ ಒರೆಸಿದ ಮೇಲೂ ಬಟ್ಟೆ ಬೂದು ಬಣ್ಣಕ್ಕೇ ತಿರುಗುತ್ತಿತ್ತು. ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ಒಳಗೆ ಬರಬಾರದೆಂದು ಕಿಟಕಿ ಮುಚ್ಚಿದರೆ ಸೆಕೆ. ತೆರೆದರೆ ಮಕ್ಕಳ ಕೆಮ್ಮು. ನಾಲ್ಕು ವರ್ಷಗಳಿಂದ ಅವಳು ಕಿಟಕಿ ಮುಚ್ಚುವುದನ್ನೇ ಆರಿಸಿಕೊಂಡಿದ್ದಳು.

ಶಾಲೆ ಬಿಡಿಸಿದ ಐದು ಮಕ್ಕಳು, ನಾಲ್ಕು ಮನೆಯವರು. ವಾರವೆಲ್ಲ ಒಬ್ಬೊಬ್ಬರು ತಂತಮ್ಮ ಮನೆಯಲ್ಲಿ ಕಲಿಸುವುದು, ಶನಿವಾರ ಎಲ್ಲರೂ ಇಲ್ಲಿ ಸೇರುವುದು. ಚಿತ್ತಾಪುರದಿಂದ ಇಸಾಕ ತನ್ನ ಮಗನನ್ನು ಕರೆತಂದು ಗಣಿತ ಹೇಳಿಕೊಡುತ್ತಿದ್ದ. ಶಹಾಬಾದಿನಲ್ಲಿ ಕಲ್ಲಿಗೆ ಪಾಲಿಶ್ ಹಾಕಿಸುವ ಖಾಜಾಮಿಯಾ ಬೈಕಿನ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಬರುತ್ತಿದ್ದ. ಇದೇ ವಾಡಿಯ ಭಾಮಾ ಇಂಗ್ಲಿಷ್ ಕಲಿಸುತ್ತಿದ್ದಳು. ಅವಳ ಮಗ ವಿಠ್ಠಲ್‌ಗೆ ಮಾತು ತೊದಲುತ್ತಿತ್ತು. ಬರವಣಿಗೆಯ ತಾಸು ಲುಂಬಿನಿಯದು. ವಾರಕ್ಕೊಂದು ವಿಷಯ, ವಾರಕ್ಕೊಂದು ಬರಹ, ಒಂದು ವಾರವೂ ತಪ್ಪಿದ್ದಿಲ್ಲ.

ಅದಕ್ಕೊಂದು ನಿಯಮವಿತ್ತು. ಮೊದಲ ತಿಂಗಳು ಮಕ್ಕಳ ನೋಟ್‌ಬುಕ್ಕಿನಲ್ಲಿ ಅಪ್ಪ ಅಮ್ಮಂದಿರ ಭಾಷೆಯೇ ಬಂದು ಕುಳಿತಿತ್ತು. ಖಾಜಾಮಿಯಾನ ಒಂಬತ್ತು ವರ್ಷದ ಮಗಳು ರುಖಿಯಾ ‘ಪರಿಸರ ಸಂರಕ್ಷಣೆ ನಮ್ಮೆಲ್ಲರ ಆದ್ಯ ಕರ್ತವ್ಯ’ ಎಂದು ಬರೆದಾಗ ಲುಂಬಿನಿ ಅವಳ ಅಪ್ಪನ ಮುಖ ನೋಡಿದ್ದಳು. ಅವನು ತಲೆ ಮೇಲೆತ್ತಿ ಛತ್ತು ನೋಡಿದ್ದ. ಅವತ್ತೇ ಅವಳು ಹೇಳಿದ್ದು: ಸ್ವಂತ ಮಗುವಿನ ಬರಹವನ್ನು ಯಾರೂ ಓದುವಂತಿಲ್ಲ, ತಿದ್ದುವಂತಿಲ್ಲ. ನೋಟ್‌ಬುಕ್ಕುಗಳು ಬೇರೆ ಮನೆಗೆ ಹೋಗಬೇಕು. ಹಾಗೆ ವಿಠ್ಠಲ್‌ನ ನೋಟ್‌ಬುಕ್ ಲುಂಬಿನಿಗೆ ಬಂತು, ಲುಂಬಿನಿಯ ಮಗಳು ಪೂನಮ್‌ಳದು ಭಾಮಾಳ ಮನೆಗೆ ಹೋಯಿತು. ಪ್ರತಿ ಶನಿವಾರ ಎಲ್ಲರೂ ತಮ್ಮ ಬರಹವನ್ನು ಬಿಡಿ ಹಾಳೆಗೆ ಇಳಿಸಿ, ಹೆಸರು ಹಾಕದೆ, ಸ್ಟೀಲ್ ಡಬ್ಬಿಯಲ್ಲಿ ಹಾಕಬೇಕು. ದೊಡ್ಡವರೊಬ್ಬರು ಒಂದು ಹಾಳೆ ಎತ್ತಿ ಗಟ್ಟಿಯಾಗಿ ಓದಬೇಕು. ಬರೆದವರು ಯಾರೆಂದು ಕೇಳದೆ ಲುಂಬಿನಿ ಗುಣದೋಷ ಹೇಳಬೇಕು.

ನಾಲ್ಕು ವರ್ಷಗಳಲ್ಲಿ ಅವಳು ತನ್ನ ಮಗಳ ಒಂದು ಸಾಲನ್ನೂ ಓದಿರಲಿಲ್ಲ. ಅದು ಅವಳ ಹೆಮ್ಮೆಯಾಗಿತ್ತು.

ಡಬ್ಬಿಯಿಂದ ಹಾಳೆ ಎತ್ತಿ ಓದುವವಳು ಸಾಮಾನ್ಯವಾಗಿ ಭಾಮಾ. ಅವಳ ಓದು ಸ್ಪಷ್ಟ. ಅವತ್ತು ಭಾಮಾ ಬಂದಿರಲಿಲ್ಲ. ವಿಠ್ಠಲ್ ಒಬ್ಬನೇ ಬಂದು, “ಅ... ಅವ್ವ ಹಿಂದಿಂದ ಬ... ಬರ್ತಾಳ್ರಿ” ಎಂದು ಪೂನಮ್‌ಳ ಪಕ್ಕದಲ್ಲಿ ಕುಳಿತ.

“ಖಾಜಾಭಾಯ್, ಇವತ್ತ ನೀವೇ ಓದ್ರಿ,” ಎಂದಳು ಲುಂಬಿನಿ.

“ನಾನಾ? ನಾ ಓದಿದ್ರ ಟೇಸನ್ನಾಗ ಗಾಡಿ ಲೇಟ್ ಅಂತ ಹೇಳಿದಂಗ ಇರ್ತದ ನೋಡ್ರಿ ಬೆಹೆನ್‌ಜೀ.”

“ಇರ್ಲಿ ಬಿಡ್ರಿ, ಗಾಡಿ ಹೆಂಗೂ ಲೇಟೇ ಬರ್ತಾವ,” ಎಂದ ಇಸಾಕ. ಮಕ್ಕಳು ನಕ್ಕವು. ಪೂನಮ್ ನಗಲಿಲ್ಲ. ಲುಂಬಿನಿ ಅದನ್ನು ನೋಡಿದಳು. ಸೆಕೆಗೆ ಇರಬೇಕು ಅಂದುಕೊಂಡಳು.

ಆ ವಾರದ ವಿಷಯ ‘ಒಂದು ಬಾಗಿಲು’. ಖಾಜಾಮಿಯಾ ಡಬ್ಬಿಗೆ ಕೈ ಹಾಕಿ ಒಂದು ಹಾಳೆ ತೆಗೆದ. ಕನ್ನಡಕ ಏರಿಸಿಕೊಂಡು ಒಂದೊಂದೇ ಶಬ್ದವನ್ನು ನೆಲಕ್ಕೆ ಇಳಿಸುವವನ ಹಾಗೆ ಓದತೊಡಗಿದ.

“ನನಗೆ ಗೊತ್ತಿರುವ ಬಾಗಿಲಿಗೆ ಚಿಲಕ ಇದೆ, ಬೀಗ ಇಲ್ಲ. ಬೀಗ ಇದ್ದಿದ್ದರೆ ಕೀಲಿ ಹುಡುಕುತ್ತಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಈ ಬಾಗಿಲ ಮುಂದೆ ನೀಲಿ ಚೂಡಿದಾರದ ಹುಡುಗಿಯರು ಹೋಗುತ್ತಾರೆ. ಒಬ್ಬಳ ಚಪ್ಪಲಿ ಹರಿದಿದೆ. ಮೂರು ದಿನದಿಂದ ಅದಕ್ಕೆ ಪಿನ್ ಹಾಕಿಕೊಂಡು ನಡೆಯುತ್ತಿದ್ದಾಳೆ. ಗೆಳತಿಯರು ಅವಳಿಗಾಗಿ ಸಾವಕಾಶ ನಡೆಯುತ್ತಾರೆ. ನನ್ನ ಚಪ್ಪಲಿ ಹೊಸದಾಗಿಯೇ ಇದೆ. ಎರಡು ವರ್ಷವಾಯಿತು, ಹರಿದೇ ಇಲ್ಲ.”

ಲುಂಬಿನಿ ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟಳು. ಯಾರು ಈ ಕೂಸು? ಅವಳ ಕಣ್ಣು ತಾನಾಗಿಯೇ ರುಖಿಯಾಳ ಕಡೆ ಹೋಯಿತು. ಲಾಕ್‌ಡೌನಿನಲ್ಲಿ ಅವಳ ಶಾಲೆ ಮುಚ್ಚಿದ ಮೇಲೆ ಖಾಜಾಮಿಯಾ ಹೆಣ್ಣುಮಕ್ಕಳನ್ನು ಮತ್ತೆ ಎಲ್ಲಿಗೂ ಸೇರಿಸಿರಲಿಲ್ಲ. ರುಖಿಯಾ ತಲೆ ತಗ್ಗಿಸಿ ಕುಳಿತಿದ್ದಳು.

“ಬಾಗಿಲ ಒಳಗಿನವರು ನನ್ನನ್ನು ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ನನಗೆ ಏನೂ ಆಗಬಾರದು ಅಂತ ಕಾಯುತ್ತಾರೆ. ಅದಕ್ಕೇ ನನಗೆ ಏನೂ ಆಗುತ್ತಿಲ್ಲ. ಅವರಿಗೆ ನೋವಾಗದಂತೆ ಬಾಗಿಲು ದಾಟುವುದು ಹೇಗೆ ಎಂದು ನನಗೆ ತಿಳಿಯದು. ಆದ್ದರಿಂದ...”

ಖಾಜಾಮಿಯಾ ಹಾಳೆ ತಿರುಗಿಸಿ ನೋಡಿದ. “ಖತಂ. ಮುಂದ ಏನಿಲ್ಲ.”

ಆಗಲೇ ಬಾಗಿಲಲ್ಲಿ ಭಾಮಾ ಬಂದು ನಿಂತಿದ್ದಳು. ಒಂದು ಚಪ್ಪಲಿ ಬಿಟ್ಟಿದ್ದಳು, ಇನ್ನೊಂದು ಕಾಲಲ್ಲೇ ಇತ್ತು. ಖಾಜಾಮಿಯಾನ ಕೈಯಲ್ಲಿದ್ದ ಹಾಳೆ ಕಂಡು ಹಾಗೆಯೇ ನಿಂತುಬಿಟ್ಟಳು.

“ಬರ್ರಿ ಭಾಮಾ, ಕುಂದ್ರಿ,” ಎಂದಳು ಲುಂಬಿನಿ, ಆ ಕಡೆ ಪೂರ್ತಿ ನೋಡದೆಯೇ. ಅವಳ ದನಿ ಏರಿತ್ತು. “ಇದು ಯಾರದು ಅಂತ ನಾ ಕೇಳಂಗಿಲ್ಲ. ಆದ್ರ ನಾಕ್ ವರ್ಷದಾಗ ಇಂಥಾದ್ದು ನಾ ಕೇಳಿಲ್ಲ. ಆ ಹರಿದ ಚಪ್ಪಲಿ ನೋಡ್ರಿ. ಒಂದೇ ದೋಷ ಅಂದ್ರ ಕೊನಿ ಇಲ್ಲ. ಆದ್ದರಿಂದ ಏನು? ಬರದಾಕಿ ಅಂಜ್ಯಾಳ. ಅಕಿ ತಪ್ಪಲ್ಲ ಅದು. ಈ ಕೂಸಿನ ತಾಯಿ ತಂದಿ ಇಲ್ಲೇ ಕುಂತಾರ. ಅವ್ರಿಗೆ ಹೇಳ್ತೀನಿ, ಪ್ರೀತಿ ಭಾಳ ಆತ್ರಿ. ಇನ್ನ ಬಾಗಿಲಾ ತಗೀರಿ. ಕಳಸ್ರಿ ಅಕಿನ್ನ ಸಾಲಿಗೆ.”

ಮಾತಿನ ಕೊನೆಗೆ ಅವಳು ನೇರವಾಗಿ ಖಾಜಾಮಿಯಾನನ್ನೇ ನೋಡುತ್ತಿದ್ದಳು. ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ.

“ಬೆಹೆನ್‌ಜೀ,” ಎಂದ ಮೆಲ್ಲಗೆ, “ನಮ್ಮ ಹುಡುಗ್ಯಾರ ಅಕ್ಷರ ನನಗ ಗೊತ್ತದರಿ. ಇದು ನಮ್ಮನಿದಲ್ಲ.”

ಪೂನಮ್ ಎದ್ದು ನಿಂತಳು. ಹನ್ನೆರಡು ತುಂಬಿದ ಹುಡುಗಿ, ಈಗಾಗಲೇ ತಾಯಿಯ ಭುಜದೆತ್ತರ. ನೋಟ್‌ಬುಕ್ಕಿನ ರಟ್ಟಿನೊಳಗಿಂದ ಮಡಚಿದ ಕಾಗದವೊಂದನ್ನು ತೆಗೆದು ತಾಯಿಯ ಮುಂದೆ ಬಿಡಿಸಿ ಹಿಡಿದಳು. ಸರ್ಕಾರಿ ಹೈಸ್ಕೂಲಿನ ಪ್ರವೇಶ ಅರ್ಜಿ, ಎಂಟನೇ ಇಯತ್ತೆ. ಹೆಸರು, ಹುಟ್ಟಿದ ತಾರೀಖು ಎಲ್ಲ ಅವಳದೇ ದುಂಡು ಅಕ್ಷರದಲ್ಲಿ. ತಂದೆಯ ಸಹಿಯ ಜಾಗದಲ್ಲಿ ರತ್ನದೀಪ ಸಹಿ ಮಾಡಿ ಹತ್ತು ದಿನವಾಗಿತ್ತು. ತಾಯಿಯ ಸಹಿಯ ಜಾಗ ಖಾಲಿ.

“ಸೋಮಾರ ಕೊನೀ ದಿನ ಮಮ್ಮಿ,” ಎಂದಳು. “ಪಪ್ಪನ ಸಹಿ ಒಂದೇ ಸಾಕಂತ. ನಿನ್ನ ಸಹಿ ಆಗದ ನಾ ಕೊಡಂಗಿಲ್ಲ ಅಂದೀನಿ.”

ಲುಂಬಿನಿಗೆ ಆ ಕ್ಷಣ ಕಂಡದ್ದು ಅರ್ಜಿಯಲ್ಲ. ನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಅವಳು ಕಲಿಸುತ್ತಿದ್ದ ಖಾಸಗಿ ಶಾಲೆಯಲ್ಲೇ ಪೂನಮ್ ಓದುತ್ತಿದ್ದಳು. ತಪ್ಪು ಲೆಕ್ಕ ಮಾಡಿದ್ದಕ್ಕೆ ಕ್ಲಾಸ್ ಟೀಚರು ಅವಳ ತಲೆಯ ಮೇಲೆ ನೋಟ್‌ಬುಕ್ ತೆರೆದಿಟ್ಟು, ಎಲ್ಲ ತರಗತಿಗಳಿಗೂ ಹೋಗಿ ತೋರಿಸಿ ಬಾ ಎಂದು ಕಳಿಸಿದ್ದ. ಹಾಗೆ ಅವಳು ತಾಯಿಯ ತರಗತಿಗೂ ಬಂದಳು. ಎರಡೂ ಕೈಯಿಂದ ನೋಟ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತಳು. ನಲವತ್ತು ಮಕ್ಕಳು ನಕ್ಕರು. ಲುಂಬಿನಿ ಅವತ್ತು ಪಾಠ ನಿಲ್ಲಿಸಲಿಲ್ಲ. ಗಂಟೆ ಹೊಡೆಯುವವರೆಗೆ ಪಾಠ ಮಾಡಿದಳು. ಮರುದಿನ ಮುಂಜಾನೆ ನೌಕರಿ ಬಿಟ್ಟಳು, ಮಗಳನ್ನೂ ಬಿಡಿಸಿದಳು.

“ನಿನಗ ನೆನಪದ ಇಲ್ಲ? ಅವತ್ತ ಆ ನೋಟ್‌ಬುಕ್...” ಎಂದಳು.

“ನೆನಪದ. ನಾ ಅದನ್ನ ಯಾವಾಗೋ ಇಳಿಸೀನಿ ಮಮ್ಮಿ. ನೀನೇ ಇನ್ನೂ ಹೊತ್ಕೊಂಡು ನಿಂತಿ.”

ಇಸಾಕ ಕೆಮ್ಮಿದ. ಖಾಜಾಮಿಯಾ ಹೆಣ್ಣುಮಕ್ಕಳಿಗೆ ಕಣ್ಸನ್ನೆ ಮಾಡಿ ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದ. ಹುಡುಗರೂ ಇಸಾಕನ ಹಿಂದೆ ಹೊರಟರು. ಭಾಮಾ ಮಾತ್ರ ಒಳಗೆ ಬಂದು ಗೋಡೆಗೆ ಒರಗಿ ನಿಂತಳು.

“ನಿಮಗ ಗೊತ್ತಿತ್ತು,” ಎಂದಳು ಲುಂಬಿನಿ.

“ಗೊತ್ತಿತ್ರಿ.”

“ಎಷ್ಟ ದಿನದಿಂದ?”

“ಎರಡು ವರ್ಷ ಆಗ್ತ ಬಂತು. ಮಳಿ ಬಗ್ಗೆ ಬರಿ ಅಂದ್ರೂ ಸಾಲಿ, ಹಬ್ಬದ ಬಗ್ಗೆ ಬರಿ ಅಂದ್ರೂ ಸಾಲಿ. ನಾ ಒತ್ತು, ದೀರ್ಘ ತಿದ್ದಿ ‘ಛಂದ ಅದ’ ಅಂತ ಬರದು ಕೊಡ್ತಿದ್ದೆ. ಡಬ್ಬಿಯಾಗ ಅಕಿ ಹಾಳಿ ಕೈಗೆ ಸಿಕ್ರ ಅದನ್ನ ಕೆಳಗ ತುರುಕಿ ಬ್ಯಾರೇದು ತಗೀತಿದ್ದೆ.”

“ನನಗೊಂದ್ ಮಾತು ಹೇಳಲಿಲ್ಲ ನೀವು!”

“ಹೆಂಗ ಹೇಳ್ಲಿ?” ಭಾಮಾಳ ಮುಖ ಕೆಂಪಾಯಿತು. “ಹೇಳಿದ್ರ ನೀವು ಅಕಿನ್ನ ಸಾಲಿಗೆ ಹಾಕ್ತಿದ್ರಿ, ಮತ್ತ ನೌಕರಿಗೆ ಹೋಗ್ತಿದ್ರಿ. ಈ ಶನಿವಾರ ಅಲ್ಲಿಗೇ ಮುಗೀತಿತ್ತು. ನಮ್ಮ ವಿಠ್ಠಲ್ ಎಲ್ಲಿ ಹೋಗ್ಬೇಕ್ರಿ? ಮೂರು ಸಾಲಿ ಬದಲಿ ಮಾಡಿದ್ವಿ. ಹಾಜರಿ ಹೇಳೂದ್ರಾಗ ಎಲ್ಲಾ ಹುಡುಗ್ರು ಅಂವನಂಗ ಮಾತಾಡಿ ತೋರಸ್ತಿದ್ರು. ಇಲ್ಲಿ ಒಂದ್ ಕಡೆ ಅಂವ ಬಾಯಿ ತಗೀತಾನ.” ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. “ಬೈಕೋರಿ, ಬ್ಯಾಡನ್ನಂಗಿಲ್ಲ. ಸ್ವಾರ್ಥನ ಅದು.”

ಲುಂಬಿನಿ ಆ ಸ್ಟೀಲ್ ಡಬ್ಬಿಯ ಕಡೆ ನೋಡಿದಳು. ತಾನು ಕಟ್ಟಿದ ನಿಯಮ. ತಾನೇ ಇಟ್ಟ ಡಬ್ಬಿ. ಪ್ರತಿ ವಾರ ಮಗಳು ಆ ಡಬ್ಬಿಯಲ್ಲಿ ಅದೇ ಮಾತು ಹಾಕುತ್ತ ಬಂದಿದ್ದಳು, ಮೂರು ಮಾರು ದೂರದಲ್ಲಿ ಕುಳಿತ ತಾಯಿಗೆ ಅದು ತಲುಪಿರಲಿಲ್ಲ. ಇವತ್ತು ತಲುಪಿತು; ತಲುಪಿದಾಗ ಅದು ಬೇರೆಯವರ ಮಗಳದೆಂದುಕೊಂಡು, ಎಲ್ಲರ ಮುಂದೆ ತೀರ್ಪನ್ನೂ ಕೊಟ್ಟಾಗಿತ್ತು. ಈಗ ಆ ತೀರ್ಪಿನಿಂದ ಹಿಂದೆ ಸರಿಯಲು ದಾರಿಯೇ ಇರಲಿಲ್ಲ. ರುಖಿಯಾಳ ಬಾಗಿಲನ್ನು ಒಂದೇ ಉಸಿರಿಗೆ ತೆರೆಯಲು ಹೊರಟಿದ್ದವಳಿಗೆ ತನ್ನ ಮನೆಯ ಚಿಲಕ ಇಷ್ಟು ಭಾರವೆಂದು ಗೊತ್ತಿರಲಿಲ್ಲ.

“ಬಾಯಿಲೆ ಹೇಳಬೇಕಿತ್ತಲ್ಲ ನೀನು,” ಎಂದಳು ಮಗಳಿಗೆ.

“ಒಮ್ಮಿ ಹೇಳಿದ್ದೆ. ನೀ ಮೂರು ದಿನ ಊಟ ಮಾಡಲಿಲ್ಲ.”

ಹೌದು. ಅದು ಲುಂಬಿನಿಗೆ ನೆನಪಿತ್ತು. ಪಿತ್ತವಾಗಿದೆ ಎಂದು ಎಲ್ಲರಿಗೂ ಹೇಳಿದ್ದಳು.

ಅವಳು ವಿಠ್ಠಲ್‌ನ ನೋಟ್‌ಬುಕ್ ತಿದ್ದುವ ಕೆಂಪು ಪೆನ್ನನ್ನು ಎತ್ತಿಕೊಂಡಳು. ಪೂನಮ್ ಅದನ್ನು ಅವಳ ಕೈಯಿಂದ ತೆಗೆದು, ನೀಲಿ ಪೆನ್ನು ಕೊಟ್ಟಳು. ಸಹಿ ಅರ್ಧಕ್ಕೆ ನಿಂತಿತು, ಮತ್ತೆ ಸಾಗಿತು. ‘ನಿ’ಯ ಗುಡಿಸು ಗೆರೆ ದಾಟಿ ತಂದೆಯ ಸಹಿಯ ಮೇಲೆ ಹೋಯಿತು.

“ಆ ಹಳೇ ನೋಟ್‌ಬುಕ್ಕೆಲ್ಲಾ ಕೊಡು,” ಎಂದಳು ಆಮೇಲೆ. “ಓದ್ತೀನಿ.”

ಪೂನಮ್ ಭಾಮಾಳ ಕಡೆ ನೋಡಿದಳು, ತಾಯಿಯ ಕಡೆ ನೋಡಿದಳು. ಅರ್ಜಿಯನ್ನು ಮತ್ತೆ ರಟ್ಟಿನೊಳಗೆ ಸೇರಿಸಿ, ನೋಟ್‌ಬುಕ್ಕನ್ನು ಎದೆಗವಚಿಕೊಂಡಳು.

“ಬ್ಯಾಡ ಮಮ್ಮಿ. ನಿಯಮ ನಿಂದೇ ಅದ. ಆಂಟಿ ಕಡೇನೇ ಇರ್ಲಿ.”

ಸೋಮವಾರ ಅರ್ಜಿ ಕೊಟ್ಟರು. ಬುಧವಾರ ಒಂಬತ್ತೂವರೆಗೆ, ನೀಲಿ ಬಟ್ಟೆ ಇನ್ನೂ ಹೊಲಿದು ಬಂದಿರದ ಕಾರಣ, ಪೂನಮ್ ಹಳದಿ ಚೂಡಿದಾರದಲ್ಲೇ ಹೊರಟಳು. “ಗೇಟ್ ತನಕ ಬರ್ಲೇನು?” ಎಂದು ಲುಂಬಿನಿ ಕೇಳಿದ್ದಳು. “ಬ್ಯಾಡ” ಎಂದಿದ್ದಳು ಮಗಳು. ಆದ್ದರಿಂದ ಅವಳು ಬಾಗಿಲ ಒಳಗೇ ನಿಂತಳು. ಹುಡುಗಿಯರ ಗುಂಪು ಬಂತು. ಅದರಲ್ಲಿ ಒಬ್ಬಳು ನಿಜಕ್ಕೂ ಕಾಲೆಳೆದುಕೊಂಡು ನಡೆಯುತ್ತಿದ್ದಳು. ನಾಲ್ಕು ವರ್ಷ ದಿನವೂ ಈ ಹೊಸ್ತಿಲು ಒರೆಸಿದ ಲುಂಬಿನಿ ಆ ಹುಡುಗಿಯನ್ನು ಒಮ್ಮೆಯೂ ನೋಡಿರಲಿಲ್ಲ. ಪೂನಮ್ ಅವಳ ಪಕ್ಕಕ್ಕೆ ಹೋಗಿ ಏನೋ ಕೇಳಿದಳು. ಹೆಸರು ಕೇಳಿರಬೇಕು. ಇಬ್ಬರೂ ಸಾವಕಾಶ ನಡೆದು ತಿರುವಿನಲ್ಲಿ ಮರೆಯಾದರು. ಪೂನಮ್ ತಿರುಗಿ ನೋಡಲಿಲ್ಲ.

ಒಳಗೆ ಎಲ್ಲ ಇದ್ದ ಹಾಗೆಯೇ ಇತ್ತು. ಕರಿಹಲಗೆ, ಸುತ್ತಿಟ್ಟ ಹಾಸಿಗೆ, ಮುಚ್ಚಿದ ಕಿಟಕಿ. ಲುಂಬಿನಿಗೆ ಒಂದು ಕ್ಷಣ, ಒಂದೇ ಒಂದು ಕ್ಷಣ, ತಾನೂ ಚಪ್ಪಲಿ ಮೆಟ್ಟಿ ಎಲ್ಲಿಗಾದರೂ ನೌಕರಿ ಕೇಳಲು ಹೋಗಬಹುದು ಎನ್ನಿಸಿತು. ಸೇಡಂನಲ್ಲಿ ಟೀಚರು ಬೇಕಾಗಿದ್ದಾರೆಂದು ಯಾರೋ ಹೇಳಿದ್ದರು. ವಾರಕ್ಕೆ ಆರು ದಿನ, ಮುಂಜಾನೆಯ ಗಾಡಿಗೆ ಹೋದರೆ ಸಂಜೆಗೆ ಬರಬಹುದು.

ಶನಿವಾರದ ಗೊಂದಲದಲ್ಲಿ ತಿದ್ದದೆ ಉಳಿದಿದ್ದ ವಿಠ್ಠಲ್‌ನ ನೋಟ್‌ಬುಕ್ ಚಾಪೆಯ ಮೇಲಿತ್ತು. ಅದನ್ನಾದರೂ ಮುಗಿಸೋಣವೆಂದು ಕೆಂಪು ಪೆನ್ನು ಹಿಡಿದು ಕುಳಿತಳು. ‘ಒಂದು ಬಾಗಿಲು’ ಎಂದು ಮೇಲೆ ಬರೆದು, ಕೆಳಗೆ ಗೆರೆ ಎಳೆದಿದ್ದ. ಅವನ ಅಕ್ಷರ ತೊದಲುತ್ತಿರಲಿಲ್ಲ.

‘ನನಗೆ ಬಹಳ ಬಾಗಿಲುಗಳು ಗೊತ್ತು. ಮೂರು ಶಾಲೆಗಳ ಬಾಗಿಲು ಗೊತ್ತು. ಅವು ಯಾವುವೂ ನನಗೆ ಬೇಡ. ಶನಿವಾರ ಟೀಚರ್ ಮನೆಯ ಬಾಗಿಲು ಇದೆ. ಅದು ಹನ್ನೊಂದು ಗಂಟೆಗೆ ತೆರೆಯುತ್ತದೆ. ನಾನು ಹತ್ತೂವರೆಗೇ ಬಂದು ಸಂದಿಯಲ್ಲಿ ನಿಂತಿರುತ್ತೇನೆ. ಅದು ಯಾವಾಗಲೂ ತೆರೆಯುತ್ತದೆ.’

ಲುಂಬಿನಿ ಎರಡು ಸಲ ಓದಿದಳು. ಮೂರನೆಯ ಸಲ ಪೆನ್ನಿನ ತುದಿಯನ್ನು ಪ್ರತಿ ಸಾಲಿನ ಕೆಳಗೆ ಸರಿಸುತ್ತ ಓದಿದಳು. ಒತ್ತು, ದೀರ್ಘ, ಎಲ್ಲ ಸರಿಯಿತ್ತು. ತಿದ್ದಲು ಒಂದು ತಪ್ಪೂ ಸಿಗಲಿಲ್ಲ.