ಇಪ್ಪತ್ತೊಂಬತ್ತನೆಯ ದಿನದ ಮುಲಾಮು

ಒಳಗೆ ಮಲಗಿ ಹತ್ತು ನಿಮಿಷವಾಗಿತ್ತು. ಕಿವಿ ಟಪ್ಪೆಂದು ಬಿಟ್ಟುಕೊಂಡ ಮೇಲೆ ನೆನಪಾಯಿತು: ಬೆಳಿಗ್ಗೆ ಮುಲಾಮು ಹಚ್ಚಿಕೊಂಡಿದ್ದೇನೆ.

ಎರಡು ವರ್ಷದ ಹಿಂದೆ ಗರ್ಭಕೋಶದ ಕ್ಯಾನ್ಸರಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಗಡ್ಡೆಯೇನೋ ಹೋಯಿತು, ಜೊತೆಗೆ ಕರುಳೂ ಸುಟ್ಟಿತು. ಆಮೇಲೆ ರಕ್ತ, ಪಾಯಿಖಾನೆಗೆ ಓಟ. ಸುಟ್ಟ ಜಾಗದಲ್ಲಿ ಹೊಸ ರಕ್ತನಾಳ ಹುಟ್ಟಲೆಂದು ಈಗ ಈ ಗಾಜಿನ ಕೊಳವೆಯಲ್ಲಿ ಮಲಗಿಸಿ, ಒತ್ತಡದಲ್ಲಿ ಬರೀ ಆಮ್ಲಜನಕ ತುಂಬುತ್ತಾರೆ. ಒಟ್ಟು ನಲವತ್ತು ಸಲ, ಇವತ್ತಿನದು ಇಪ್ಪತ್ತೊಂಬತ್ತನೆಯದು.

ಟೆಕ್ನಿಷಿಯನ್ ದಿನಾ ಕೇಳುತ್ತಾನೆ, "ಎಣ್ಣೆ, ಕ್ರೀಮು, ಪೌಡರು, ಮೊಬೈಲು ಏನಾದ್ರೂ ಇದೆಯಾ ಮೇಡಂ?" ಜಿಡ್ಡಿಗೆ ಒಂದು ಕಿಡಿ ತಾಗಿದರೂ ಒಳಗಿದ್ದವರು ಉಳಿಯುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದ. ನಾನು ದಿನಾ "ಇಲ್ಲಪ್ಪ" ಎನ್ನುತ್ತೇನೆ. ಇವತ್ತೂ ಬಾಯಿಪಾಠ ಒಪ್ಪಿಸಿದ ಹಾಗೆ ಅದನ್ನೇ ಅಂದುಬಿಟ್ಟೆ.

ಹೇಳೋಣವೆಂದರೆ ಒಳಗಿನ ಮಾತು ಹೊರಗಿನ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತದೆ. ಅಲ್ಲಿ ನನ್ನ ತಂಗಿ, ಪೇಪರು ಓದುವ ಇಬ್ಬರು ಮುದುಕರು, ಮುಂದಿನ ಸರದಿಗೆ ಕಾದಿರುವ, ತಲೆಗೆ ಉಣ್ಣೆ ಟೋಪಿ ಹಾಕಿದ ಹೆಂಗಸು. ನನ್ನ ದನಿಯೋ, ಊರಿಗೇ ಗೊತ್ತು. ಇಪ್ಪತ್ತೆರಡು ವರ್ಷದಿಂದ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವವಳು ನಾನು. ಈ ಕಾಯಿಲೆಯನ್ನು ಅಲ್ಲಿ ಗ್ಯಾಸ್ಟ್ರಿಕ್ ಎಂದೇ ನಂಬಿಸಿದ್ದೇನೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಸುಮ್ಮನಿದ್ದರೆ? ಇನ್ನು ಎಂಬತ್ತು ನಿಮಿಷ. ಕಿಡಿ ಎಲ್ಲಿಂದ ಬರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಾಲು ಸರಿಸಿದರೆ ಹಾಸಿಗೆ ಸರಕ್ಕೆಂದಿತು, ಕಾಲನ್ನು ಅಲ್ಲೇ ನಿಲ್ಲಿಸಿದೆ. ಮೂಗು ತುರಿಸಿಕೊಳ್ಳುವುದಕ್ಕೂ ಭಯ. ಸಾಯುವುದಕ್ಕಿಂತ ನಾಚಿಕೆಯೇ ದೊಡ್ಡದಾಯಿತೇ ನಿನಗೆ ಎಂದು ಬೈದುಕೊಂಡೆ. ಆದರೂ ಬಾಯಿ ಬಿಡಲು ಮತ್ತೆ ಐದು ನಿಮಿಷ ಬೇಕಾಯಿತು.

"ಸ್ವಲ್ಪ ಕೇಳಿ ಇಲ್ಲಿ."

"ಹೇಳಿ ಮೇಡಂ. ಕಿವಿ ನೋವಾ?"

"ಅಲ್ಲ. ಮುಲಾಮು ಹಚ್ಕೊಂಡಿದೀನಿ. ಮರೆತುಬಿಟ್ಟೆ."

ಅವನು ಥಟ್ಟನೆ ಎದ್ದು ಒತ್ತಡದ ತಿರುಪಿಗೆ ಕೈ ಹಾಕಿದ. "ಅಲ್ಲಾಡಬೇಡಿ. ಒತ್ತಡ ಇಳಿಸ್ತೀನಿ, ಹತ್ತು ನಿಮಿಷ ಆಗತ್ತೆ. ಎಲ್ಲಿಗೆ ಹಚ್ಚಿದೀರಿ? ಮುಖಕ್ಕಾ?"

"ಕೆಳಗೆ."

"ಕಾಲಿಗಾ?"

ನನಗೆ ರೇಗಿತು. "ಕುಂಡಿಗಪ್ಪಾ," ಎಂದೆ, ಕೊನೆಯ ಪ್ಲಾಟ್‌ಫಾರ್ಮಿಗೂ ಕೇಳಿಸುವ ದನಿಯಲ್ಲಿ. "ದಿನಕ್ಕೆ ಹದಿನೈದು ಸಲ ಹೋಗಿ ಹೋಗಿ ಹುಣ್ಣಾಗಿದೆ. ಉರಿ ತಡ್ಕೊಳಕ್ಕಾಗಲ್ಲ."

ಪೇಪರುಗಳು ಕೆಳಗಿಳಿದವು. ತಂಗಿ ಹಣೆ ಚಚ್ಚಿಕೊಂಡಳು. ಟೋಪಿ ಹೆಂಗಸು ಎದ್ದು ಗಾಜಿನ ಹತ್ತಿರ ಬಂದು ನನ್ನನ್ನೇ ನೋಡತೊಡಗಿದಳು. ನಕ್ಕರೆ ಸರಿಯಾಗಿ ಬೈಯಬೇಕೆಂದು ನಾನು ತಯಾರಾಗಿದ್ದೆ.

ಹೊರಗಿನ ಮೈಕು ತೆರೆದೇ ಇತ್ತು, ಅಲ್ಲಿನ ಮಾತು ನನಗೂ ಕೇಳುತ್ತಿತ್ತು. ಅವಳು ಟೆಕ್ನಿಷಿಯನ್ ಕಡೆ ತಿರುಗಿದಳು.

"ತೊಳ್ಕೊಳ್ಳೋಕೆ ಬಾತ್‌ರೂಮ್ ಎಲ್ಲಿದೆ? ನಾನೂ ಹಚ್ಕೊಂಡಿದೀನಿ," ಎಂದಳು. "ಮೊದಲನೇ ದಿನದಿಂದ."